ಸನ್ನದ ಶೇಂದಿ ಮತ್ತು ಭಾವನ ಹುಲ್ಲು

ನನ್ನ ಗಂಡನ ಅಣ್ಣ ಮೀನಿಗೆ ಶೇಂದಿ ಕುಡಿಸಿದ ಮನುಷ್ಯ. ಎಲ್ಲಿ, ಗಡಂಗಿನಲ್ಲಿ ಎಂದುಕೊಂಡಿರಾ? ಅಲ್ಲ! ಉಡುಪಿಯ ನಮ್ಮ ಮನೆಯಲ್ಲಿ, ನನ್ನ ಡ್ರಾಯಿಂಗ್ ರೂಮಿನಲ್ಲಿ, ಮರಿಯಮ್ಮನವರ ಫೋಟೋದ ಕೆಳಗೆ! "ಕುಡಿಸಲಿಲ್ಲ ಬಾಯಿ, ಉಕ್ಕಿ ಬಿತ್ತು" ಎಂದು ಭಾವ ಕೊನೆಯವರೆಗೂ ವಾದಿಸಿದರು. (ನಮ್ಮ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಹೆಂಗಸರನ್ನು ಪ್ರೀತಿಯಿಂದ 'ಬಾಯಿ' ಎನ್ನುವುದುಂಟು. ನನ್ನ ಬಾಯಿ ಜೋರೆಂದು ಇಟ್ಟ ಹೆಸರಲ್ಲ ಅದು.) ನಾನು ಕೇಳುವುದಿಷ್ಟೇ: ಉಕ್ಕಿ ಬಿದ್ದರೆ ಅಮಲು ಏರುವುದಿಲ್ಲವೋ?

ಇರಲಿ, ಮೊದಲಿನಿಂದ ಹೇಳುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಅದನ್ನೇ: ಸಿಟ್ಟು ಬಂದಾಗ ಲೇಡೀಸ್ ಕಿರುಚಬಾರದು, ಕ್ರಮವಾಗಿ ಹೇಳಬೇಕು. ಭಾವ ಮದುವೆಯಾದವರಲ್ಲ. ಇಪ್ಪತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿ, ಎಂಬತ್ತರ ದಶಕ ಶುರುವಾದ ಹೊತ್ತಿಗೆ ಒಂದು ಕಬ್ಬಿಣದ ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಬಂದಿಳಿದರು. ಫಾರಿನ್‌ನಿಂದ ಬಂದ ಭಾವನ ಪೆಟ್ಟಿಗೆಯಲ್ಲಿ ಏನಿರಬೇಕು ಹೇಳಿ? ಸೀರೆ? ಸೆಂಟು? ಕಡೆಗೆ ಒಂದು ಟಿನ್ ಚಾಕಲೇಟಾದರೂ? ನಮ್ಮ ಭಾವನ ಪೆಟ್ಟಿಗೆಯಲ್ಲಿ ಇದ್ದದ್ದು ವಾಲ್ವುಗಳು, ರಬ್ಬರ್ ಟ್ಯೂಬು, ಮತ್ತೆ ನೀರಿನೊಳಗೆ ತೋಟ ಮಾಡುವುದು ಹೇಗೆಂಬ ಒಂದು ಇಂಗ್ಲಿಷ್ ಮ್ಯಾಗಝೀನು!

ರಾಟರ್‌ಡ್ಯಾಮಿನ ಯಾವುದೋ ಹೋಟೆಲಿನಲ್ಲಿ ಅವರು ಒಂದು ಗಾಜಿನ ತೊಟ್ಟಿ ನೋಡಿದ್ದರಂತೆ. ಮೀನಿನದ್ದಲ್ಲ, ಗಿಡದ್ದು. ಅಂಥದ್ದೇ ಒಂದು ನಮ್ಮಲ್ಲೂ ಆಗಬೇಕೆಂದು ಆಂಗಲ್ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ತೊಟ್ಟಿ ಮಾಡಿಸಿದರು. ನನ್ನ ಮದುವೆಯ ಶೋಕೇಸನ್ನು ಹಿತ್ತಿಲ ಕೋಣೆಗೆ ತಳ್ಳಿ, ಆ ಜಾಗದಲ್ಲಿ ಅದನ್ನು ಇಟ್ಟರು. ಕಾರ್ಕಳದ ಕಡೆಯ ಒಂದು ತೋಡಿನಿಂದ ಬಕೆಟ್ಟಿನಲ್ಲಿ ಗಿಡ ತಂದು ನೆಟ್ಟರು. ಅದೇ ಬಕೆಟ್ಟಿನಲ್ಲಿ ಗೊತ್ತಿಲ್ಲದೆ ಬಂದ ನಾಲ್ಕಾರು ಚಿಳ್ಳೆಪಿಳ್ಳೆ ಮೀನುಗಳಿಗೂ ಜಾಗ ಸಿಕ್ಕಿತು.

ಪಕ್ಕದ ಮನೆಯ ರೆಜಿನಾಬಾಯಿ ನೋಡಲು ಬಂದರು. ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದರಲ್ಲಿ ಮೀನು ಎಲ್ಲುಂಟು?"

"ಇದು ಮೀನಿಗಲ್ಲ, ಗಿಡಕ್ಕೆ" ಎಂದರು ಭಾವ.

"ಗಿಡ ಹೊರಗೆ ಧಾರಾಳ ಉಂಟಲ್ಲ ಮಾರಾಯ್ರೆ! ಹುಲ್ಲು ಸಾಕುವುದಕ್ಕೆ ಗಾಜಿನ ಮನೆ ಯಾಕೆ?"

ಭಾವ ಒಂದು ವಾರ ಅವರೊಡನೆ ಮಾತಾಡಲಿಲ್ಲ. ಆದರೆ ನಾನು ಹೇಳಬೇಕೆಂದಿದ್ದದ್ದನ್ನೇ ರೆಜಿನಾಬಾಯಿ ಹೇಳಿದ್ದರು.

ಇಷ್ಟಾದರೂ ಆ ಹುಲ್ಲಿಗೆ ಕೃತಜ್ಞತೆ ಬೇಡವೇ? ಅದು ಸೊರಗತೊಡಗಿತು. ಎಲೆಗಳು ಗಾಜಿನಂತಾಗಿ ಕರಗಿ ಹೋದವು. ಭಾವ ಮ್ಯಾಗಝೀನು ಓದಿ ರೋಗ ಕಂಡುಹಿಡಿದರು: ಕಾರ್ಬನ್ ಡೈಆಕ್ಸೈಡ್ ಸಾಲದು! ಗಿಡಗಳಿಗೆ ಹೊಟ್ಟೆಗಿಲ್ಲ! ಗ್ಯಾಸನ್ನು ನೀರಿಗೆ ಹನಿಹನಿಯಾಗಿ, ಗುಳ್ಳೆಗುಳ್ಳೆಯಾಗಿ ಉಣಿಸಬೇಕು. ವಿದೇಶದಲ್ಲಿ ಅದಕ್ಕೆಂದೇ ಸಿಲಿಂಡರು, ರೆಗ್ಯುಲೇಟರು ಎಲ್ಲ ಸಿಗುತ್ತದೆ. ಉಡುಪಿಯಲ್ಲಿ? ಇಲ್ಲಿಂದ ನನ್ನ ವನವಾಸ ಶುರು.

ಒಂದು ಭಾನುವಾರ ಕಾಪುವಿನಲ್ಲಿ ನೆಂಟರ ಮನೆಯ ಊಟ ಮುಗಿಸಿ ಬರುವಾಗ ಭಾವ ನನ್ನನ್ನು, ಮೈಸೂರು ಸಿಲ್ಕಿನಲ್ಲಿದ್ದ ನನ್ನನ್ನು, ಒಂದು ಗೋಲಿ ಸೋಡಾ ಫ್ಯಾಕ್ಟರಿಯ ಎದುರು ಬಿಸಿಲಿನಲ್ಲಿ ನಿಲ್ಲಿಸಿದರು. ಯಜಮಾನರು ಇದಿನಬ್ಬ ಸಾಹೇಬರು. ಗಂಭೀರ ಮನುಷ್ಯ.

"ಗ್ಯಾಸ್ ಯಾರಿಗೆ ಪೊರ್ಬುಗಳೇ?" (ನಮ್ಮೂರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹೀಗೆ.)

"ಗಿಡಗಳಿಗೆ."

ಸಾಹೇಬರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ.

"ನಮ್ಮ ಗ್ಯಾಸ್ ಬಾಟ್ಲಿಯ ಕುತ್ತಿಗೆಗೆ ಗೋಲಿ ಕೂರಿಸುವಂಥದ್ದು. ಗಿಡ ತಡೆದುಕೊಳ್ಳುತ್ತದಾ? ಆಮೇಲೆ ನನ್ನನ್ನು ಬೈಯಬಾರದು" ಎಂದು ಹೇಳಿಯೇ ಒಂದು ಹಳೆಯ ಸಿಲಿಂಡರು ಕೊಟ್ಟರು.

ಅದನ್ನು ಬಸ್ಸಿಗೆ ಏರಿಸಿದಾಗ ಕಂಡಕ್ಟರ್ ಕೇಳಿದ, "ಇದೆಂತ, ಬಾಂಬಾ?" ಭಾವ ಇಲ್ಲವೆಂದು ಒಂದು ಮಾತು ಹೇಳಬಾರದೇ? ಅದರೊಳಗೆ ಎಷ್ಟು ಪ್ರೆಶರ್ ಉಂಟು, ವಾಲ್ವು ಸಡಿಲಾದರೆ ಏನಾಗುತ್ತದೆ ಎಂದು ಇಡೀ ಬಸ್ಸಿಗೆ ಕೇಳುವಂತೆ ವಿವರಿಸಿದರು. ಕಟಪಾಡಿ ಬಂದಾಗ ಅಲ್ಲಿ ಇಳಿಯಬೇಕಾಗಿಲ್ಲದವರೂ ಇಳಿದರು!

ಮನೆಗೆ ಬಂದು ವಾಲ್ವು ತಿರುಗಿಸಿದರು. ಎಷ್ಟೋ ಸಮುದ್ರ ದಾಟಿಸಿದ ಕೈ! ತೊಟ್ಟಿಯ ನೀರು ಎದ್ದು ಸೀಲಿಂಗಿಗೆ ಹೊಡೆಯಿತು. ಮೀನುಗಳು ಸೋಫಾದ ಮೇಲೆ, ಹುಲ್ಲು ಫ್ಯಾನಿನ ಮೇಲೆ, ಉಳಿದದ್ದೆಲ್ಲ ನನ್ನ ಮೈಸೂರು ಸಿಲ್ಕಿನ ಮೇಲೆ. ಭಾವ ಮೊದಲು ಓಡಿದ್ದು ಯಾರ ಕಡೆಗೆ? ಫ್ಯಾನಿನ ಕಡೆಗೆ! ಆ ದಿನ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊಂಕಣಿಯ ಬೈಗುಳವನ್ನು ಕನ್ನಡದಲ್ಲಿ ಬರೆದರೆ ಖಾರ ಅರ್ಧಕ್ಕಿಳಿಯುತ್ತದೆ.

ಇಷ್ಟಾದ ಮೇಲೆ ಗ್ಯಾಸಿಗಿಂತ ಅದರ ಲಗಾಮು ಮುಖ್ಯವೆಂದು ಅವರಿಗೆ ಹೊಳೆಯಿತು. ಹನಿ ಎಣಿಸಿ ಬಿಡುವ ಸಾಧನ ಎಲ್ಲಿ ಸಿಗುತ್ತದೆ? ಮಣಿಪಾಲದಲ್ಲಿ! ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ಟಿನಲ್ಲಿ ಒಂದು ಪುಟ್ಟ ಚಕ್ರ ಇರುತ್ತದಲ್ಲ, ಅದನ್ನು ತಿರುಗಿಸಿದರೆ ಹನಿ ಹೆಚ್ಚುಕಡಿಮೆ ಆಗುತ್ತದೆ. ಭಾವ ಮೆಡಿಕಲ್ ಶಾಪಿಗೆ ಹೋದರು. ಅಂಗಡಿಯವರು ಪೇಷಂಟಿಗೆ ಏನಾಗಿದೆ ಎಂದು ಕೇಳಿದ್ದಕ್ಕೆ, "ಬಂದು ಆರು ತಿಂಗಳಾಯಿತು, ಸೊರಗಿ ಹೋಗಿದೆ, ತಲೆಯೇ ಎತ್ತುವುದಿಲ್ಲ" ಎಂದರಂತೆ. ಯಾರ ಮನೆಯಲ್ಲಿ ಎಂದದ್ದಕ್ಕೆ, "ತಮ್ಮನ ಮನೆಯಲ್ಲಿ!"

ಹಿಂದೆಯೇ ಬಿಪಿ ಮಾತ್ರೆಗೆ ನಿಂತಿದ್ದರು ರೆಜಿನಾಬಾಯಿ.

ಸಂಜೆ ಅವರು ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದು ನನ್ನ ಕೈ ಹಿಡಿದುಕೊಂಡರು. "ಈ ಪ್ರಾಯದಲ್ಲಿ ಮಗು ಅಂದರೆ ನಾಚಿಕೆ ಎಂತಕ್ಕೆ ಬಾಯಿ? ದೇವರು ಕೊಟ್ಟದ್ದಲ್ವಾ? ಆರು ತಿಂಗಳು ಒಳಗೆ ಅಡಗಿಸಿ ಇಡುವುದಾ?" ನನಗೆ ಆಗ ನಲವತ್ತೇಳು! ನೆಲ ಬಾಯಿಬಿಡಬಾರದೇ ಎನ್ನಿಸಿತು. ಪಕ್ಕದಲ್ಲಿ ನನ್ನ ಗಂಡ ಪೇಪರಿನ ಹಿಂದೆ ಅಲುಗಾಡುತ್ತಿದ್ದರು. ಅಳುತ್ತಿರಲಿಲ್ಲ.

ಡ್ರಿಪ್ ಸೆಟ್ ಬಂತು, ಸೋಡಾ ಸಿಲಿಂಡರು ಹಿಂದೆ ಹೋಯಿತು. ಈಗ ಗ್ಯಾಸ್ ಎಲ್ಲಿಂದ? ಇಂಥ ಹೊತ್ತಿನಲ್ಲಿ ಭಾವನ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು.

ನಮ್ಮ ಸನ್ನ ತಿಂದವರಿಗೆ ಗೊತ್ತು, ಅಕ್ಕಿ ಉದ್ದು ರುಬ್ಬಿ, ಶೇಂದಿ ಬೆರೆಸಿ ಇಟ್ಟರೆ ಹಿಟ್ಟು ತುಂಬಾ ಗುಳ್ಳೆ ಎದ್ದು ಹತ್ತಿಯಂತೆ ಉಬ್ಬುತ್ತದೆ. ಆ ಗುಳ್ಳೆ ಯಾವುದು? ಅದೇ ಗ್ಯಾಸು! ಬೇಕರಿಯ ಯೀಸ್ಟ್ ಹಾಕಿದ ಸನ್ನವನ್ನು ನಾನು ಸನ್ನವೆಂದು ಒಪ್ಪಿದವಳಲ್ಲ. ಸಂತೆಕಟ್ಟೆಯ ಕಡೆಯಿಂದ ಸೇಸಪ್ಪ ಬೆಳಿಗ್ಗೆ ತಂದುಕೊಡುವ ತಾಜಾ ಶೇಂದಿಯೇ ಆಗಬೇಕು. ನನ್ನ ಸನ್ನಕ್ಕೆ ಕಾರ್ಕಳ, ಕಾಪುವಿನಿಂದ ನೆಂಟರು ಬರುತ್ತಿದ್ದರೆಂದರೆ ಜಂಬವಲ್ಲ, ಸತ್ಯ.

ಒಂದು ಬೆಳಿಗ್ಗೆ ಶೇಂದಿ ಬರಲಿಲ್ಲ. ಹೊತ್ತೇರಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದ ಸೇಸಪ್ಪನನ್ನು ಗದರಿಸಿದೆ.

"ಬಾಯಮ್ಮ, ಕೊಟ್ಟಿದ್ದೇನಲ್ಲ! ದೊಡ್ಡ ಪೊರ್ಬುಗಳು ಗೇಟಿನಲ್ಲೇ ತಗೊಂಡ್ರು. ಬೆಳಿಗ್ಗೆ ಬೆಳಿಗ್ಗೆ ಅವರಿಗೆ ಅಷ್ಟು ಆಗ್ತದಾ?"

ಇಪ್ಪತ್ತು ವರ್ಷ ಹಡಗಿನಲ್ಲಿದ್ದೂ ಒಂದು ತೊಟ್ಟು ಮುಟ್ಟದ ಮನುಷ್ಯನಿಗೆ ಬಂದ ಹೆಸರು ನೋಡಿ! ಡ್ರಾಯಿಂಗ್ ರೂಮಿಗೆ ಹೋದರೆ ನನ್ನ ಶೇಂದಿ ಬಾಟಲಿಯ ಬಾಯಿಗೆ ಬಿರಡೆ, ಬಿರಡೆಗೆ ಡ್ರಿಪ್ ಟ್ಯೂಬು, ಟ್ಯೂಬಿನ ತುದಿ ತೊಟ್ಟಿಯಲ್ಲಿ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸಿದ್ದರು. ನೊರೆ ಉಕ್ಕಿ ಟ್ಯೂಬಿನೊಳಗಿಂದ ನೀರಿಗೆ ಇಳಿದಿತ್ತು. ಒಂದು ಮೀನು ಬಾಲ ಮೇಲೆ ಮಾಡಿ ನಿಂತಿತ್ತು. ಇನ್ನೊಂದು ಗಾಜಿಗೆ ಮುತ್ತು ಕೊಡುತ್ತಿತ್ತು.

"ಈ ಮನೆಯಲ್ಲಿ ಯಾರಾದರೂ ಖುಷಿಯಾಗಿದ್ದಾರಲ್ಲ" ಎಂದರು ನನ್ನ ಗಂಡ.

ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು. ವಾರದ ಶೇಂದಿ ಭಾವನಿಗೆ, ಭಾನುವಾರ ಮತ್ತು ಹಬ್ಬದ ಶೇಂದಿ ನನಗೆ. ಮುಟ್ಟಿದರೆ ತೊಟ್ಟಿ ರಸ್ತೆಗೆ!

ಅಷ್ಟಕ್ಕೇ ಮುಗಿಯಿತೇ? ಗುಳ್ಳೆಯ ವೇಗ ಅಳೆಯಬೇಕಿತ್ತು. ಭಾವ ಗಡಿಯಾರ ನಂಬುವವರಲ್ಲ. ಹಡಗಿನ ಇಂಜಿನನ್ನೂ ಅವರು ಪ್ರಾರ್ಥನೆಯಲ್ಲೇ ಅಳೆಯುತ್ತಿದ್ದರಂತೆ. ಒಂದು 'ನಮಾನ್ ಮರಿಯೆ' ಹೇಳಿ ಮುಗಿಸುವುದರೊಳಗೆ ಇಂತಿಷ್ಟು ಗುಳ್ಳೆ ಏಳಬೇಕೆಂದು ನಿಶ್ಚಯವಾಯಿತು. ಸಂಜೆ ನಾವೆಲ್ಲ ರೋಸರಿಗೆ ಮೊಣಕಾಲೂರಿದರೆ ಇವರ ಮುಖ ಆಲ್ಟರಿನ ಕಡೆಗಲ್ಲ, ತೊಟ್ಟಿಯ ಕಡೆಗೆ! ಗುಳ್ಳೆ ನಿಧಾನವಾದರೆ ಅರ್ಧ ಪ್ರಾರ್ಥನೆಯಲ್ಲಿ ಎದ್ದು ಬಾಟಲಿ ಅಲುಗಾಡಿಸಿ ಬರುವುದು. ನಮ್ಮ ಮದರ್ ಸುಪೀರಿಯರ್ ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದರು.

ಆದರೆ ಹುಲ್ಲು ಹಿಡಿಯಿತು. ಒಂದು ಮಧ್ಯಾಹ್ನ ಭಾವ ಅಡುಗೆಮನೆಯ ಬಾಗಿಲಿಗೆ ಓಡಿ ಬಂದರು. "ಬಾಯಿ, ಬಾ ಬಾ! ಉಸಿರು ಬಿಡ್ತಾ ಉಂಟು!" ಹೋಗಿ ನೋಡಿದೆ. ಎಲೆಯೆಲೆಯ ಅಂಚಿನಲ್ಲೂ ಸಾಸಿವೆಯಷ್ಟು ಬೆಳ್ಳಿಗುಳ್ಳೆ.

"ಇಪ್ಪತ್ತು ವರ್ಷ ನೀರಿನ ಮೇಲಿದ್ದೆ. ನೀರಿನೊಳಗೆ ಎಂತ ಉಂಟು ಅಂತ ನೋಡಲೇ ಇಲ್ಲ" ಎಂದರು.

"ನನ್ನ ಬಂಗುಡೆ ಸೀಯುತ್ತದೆ" ಎಂದು ನಾನು ಒಳಗೆ ಬಂದೆ.

ಆ ಡಿಸೆಂಬರಿನಲ್ಲಿ ಭಾವನಿಗೆ ಉಸಿರು ಸಿಕ್ಕದಾಯಿತು. ಇಂಜಿನ್ ರೂಮಿನ ಹೊಗೆ ಎದೆಯಲ್ಲಿ ಕೂತಿತ್ತೆಂದರು ಡಾಕ್ಟರು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿಸಿ ಮುಖಕ್ಕೆ ಆಕ್ಸಿಜನ್ ಹಾಕಿದರು. ಮಂಚದ ತಲೆಯ ಹತ್ತಿರ ಒಂದು ಬಾಟಲಿ, ಅದರಲ್ಲಿ ನೀರು, ನೀರಿನಲ್ಲಿ ಗುಳುಗುಳು ಗುಳ್ಳೆ. ಭಾವ ಅದನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರು.

"ಅಂಕಲ್ ತುಂಬಾ ಭಕ್ತರು, ಇಡೀ ದಿನ ಪ್ರಾರ್ಥನೆ" ಎಂದಳು ನರ್ಸ್.

ನನಗೆ ಗೊತ್ತಿಲ್ಲವೇ! ಸ್ವಲ್ಪ ಹೊತ್ತಿಗೆ ಮಾಸ್ಕ್ ಸರಿಸಿ, "ಬಾಯಿ, ಇದು ಭಾರೀ ಜೋರುಂಟು. ಚಕ್ರ ತಿರುಗಿಸಿ ಕಡಿಮೆ ಮಾಡು" ಎಂದರು.

"ಇದು ನಿಮ್ಮ ಹುಲ್ಲಲ್ಲ! ನೀವು! ಸುಮ್ಮನೆ ಮಲಗಿ!" ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕಿರುಚಿದೆ. ಅಷ್ಟು ವರ್ಷದ ಕಾನ್ವೆಂಟು ಒಂದೇ ನಿಮಿಷಕ್ಕೆ ಹೋಯಿತು.

ಅವರು ಮಾಸ್ಕಿನೊಳಗಿಂದ ಕೇಳಿದರು, "ಅಲ್ಲಿ?"

"ಅಲ್ಲಿ ಎಲ್ಲ ಸರಿ ಉಂಟು" ಎಂದೆ. ಅದು ಸುಳ್ಳು. ಅವರು ಹೋದ ಮೇಲೆ ಬಾಟಲಿಯನ್ನು ಯಾರೂ ಮುಟ್ಟಿರಲಿಲ್ಲ. ಗುಳ್ಳೆ ನಿಂತಿತ್ತು, ಎಲೆಗಳು ಮತ್ತೆ ಗಾಜಿನಂತಾಗುತ್ತಿದ್ದವು.

ಕ್ರಿಸ್ಮಸ್ಸಿನ ಹಿಂದಿನ ದಿನ ಸೇಸಪ್ಪ ಬಂದ. ಹಬ್ಬಕ್ಕೆ ಎಲ್ಲರಿಗೂ ಶೇಂದಿ ಬೇಕು, ಅದಕ್ಕೆ ಮನೆಗೊಂದೇ ಬಾಟಲಿ. ಬೇಕರಿಯ ಯೀಸ್ಟು ಬೇಕರಿಯವರ ಬ್ರೆಡ್ಡಿಗೇ ಸಾಲದು. ನನ್ನ ಹಿಟ್ಟು ರುಬ್ಬಿ ಆಗಿತ್ತು. ಬಾಟಲಿ ಹಿಡಿದು ಅಡುಗೆಮನೆಗೆಂದೇ ಹೊರಟೆ, ಪ್ರಾಮಿಸ್. ಡ್ರಾಯಿಂಗ್ ರೂಮ್ ದಾಟಿಯೇ ಹೋಗಬೇಕಿತ್ತು, ಅದೇ ತಪ್ಪಾದದ್ದು. "ನಾಚಿಕೆ ಇಲ್ಲದ ಹುಲ್ಲೇ!" ಎಂದು ಬೈಯುತ್ತಲೇ ಭಾವನ ಬಾಟಲಿಯ ಬಿರಡೆ ಕಿತ್ತು ಅದಕ್ಕೆ ಶೇಂದಿ ಸುರಿದೆ. ಕುತ್ತಿಗೆಯವರೆಗೆ ಅಲ್ಲ, ಅಷ್ಟು ನಾನೂ ಕಲಿತಿದ್ದೆ. ಆಮೇಲೆ ನೆಲದ ಮೇಲೆ ಕೂತು ಆ ಪುಟ್ಟ ಚಕ್ರ ತಿರುಗಿಸುತ್ತಾ 'ನಮಾನ್ ಮರಿಯೆ' ಹೇಳಿದೆ. ಗುಳ್ಳೆ ಸರಿಯಾಗುವವರೆಗೆ ಹೇಳಿದೆ. ಸರಿಯಾದ ಮೇಲೂ ಹೇಳಿದೆ.

ಹಬ್ಬದ ಮಧ್ಯಾಹ್ನ ಭಾವನನ್ನು ಮನೆಗೆ ಕರೆತಂದರು. ಅರ್ಧ ಆಗಿ ಹೋಗಿದ್ದರು. ತೊಟ್ಟಿಯ ಎದುರು ಸ್ವಲ್ಪ ಹೊತ್ತು ನಿಂತು, ಬಾಟಲಿಯನ್ನೊಮ್ಮೆ ನೋಡಿ ಊಟಕ್ಕೆ ಕೂತರು. ಹಂದಿಮಾಂಸದ ಪಕ್ಕ ನಾನು ಬಡಿಸಿದ ಸನ್ನ ಆಸ್ಪತ್ರೆಯ ಬಿಸ್ಕತ್ತಿನಂತೆ ಚಪ್ಪಟೆಯಾಗಿತ್ತು. ಕಾರ್ಕಳದ ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಭಾವ ಒಂದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು.

"ಇದರಲ್ಲಿ ಗ್ಯಾಸೇ ಇಲ್ಲವಲ್ಲ ಬಾಯಿ!"

"ಇಲ್ಲ! ಸುಮ್ಮನೆ ತಿನ್ನಿ!"

ತಿಂದರು. ಅಗಿಯಲು ಕಷ್ಟವಾಗುತ್ತಿತ್ತು, ನಡುನಡುವೆ ಉಸಿರಿಗಾಗಿ ನಿಲ್ಲಿಸುತ್ತಿದ್ದರು. ಮುಗಿಸಿ ತಟ್ಟೆಯನ್ನು ನನ್ನ ಕಡೆಗೆ ಚಾಚಿದರು.

"ಇನ್ನೊಂದು ಹಾಕು."