ಕಾಕೂನ ಟೊಂಗಿಗೆ ಪ್ರೆಶರ್

ಈ ಮಾತನ್ನು ನನಗೆ ಮೊದಲು ಹೇಳಿದವಳು ನಮ್ಮ ಮಾಳಿಗೆ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಸಂಶೋಧನೆಯ ಹುಡುಗಿ. ಓಣಿಯವರೆಲ್ಲ ಆಕೆಯನ್ನು ಮೇಡಂ ಅನ್ನುತ್ತಿದ್ದರು. ಆಕೆ ಹೇಳಿದ್ದರಲ್ಲಿ ನಾನು ತಿಳಿದುಕೊಂಡದ್ದೆಷ್ಟು, ತಪ್ಪು ತಿಳಿದುಕೊಂಡದ್ದೆಷ್ಟು ಎಂಬುದು ಶಿವನಿಗೇ ಗೊತ್ತು.

ನಾನು ವಿಜಯಪುರದಲ್ಲಿ ಟೇಲರ್. ಹುಟ್ಟಿದ್ದು, ಸಾಲಿ ಕಲಿತದ್ದು ಬಬಲೇಶ್ವರದಲ್ಲಿ. ಹೆಣ್ಣು ಕೊಟ್ಟವರು ಟಿಕೋಟದವರು. ಮಕ್ಕಳನ್ನು ದೇವರು ಕೊಡಲಿಲ್ಲ. ಮನಿಯಾಕೆಯನ್ನು ಕೊಟ್ಟಿದ್ದ, ಆಕೆಯನ್ನೂ ತನ್ನ ಕಡೆ ಕರೆಸಿಕೊಂಡ. ಆಮೇಲೆ ಮನೆಯಲ್ಲಿ ಸಪ್ಪಳ ಮಾಡುವುದೆಂದರೆ ಹೊಲಿಗೆ ಮಷಿನ್ ಒಂದೇ. ಬಾಡಿಗೆಯ ಆಸೆಗೆ ಖೋಲಿ ಕೊಟ್ಟದ್ದಲ್ಲ. ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಸಪ್ಪಳ ಬೇಕಾಗಿತ್ತು.

ಒಬ್ಬನೇ ಇರುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಜನ ಒಂದು ಹೇಳುತ್ತಾರೆ, ಅವನು ಇನ್ನೊಂದು ಕೇಳಿಸಿಕೊಳ್ಳುತ್ತಾನೆ, ಹಂಗಲ್ಲ ಹಿಂಗ ಅಂತ ತಿದ್ದುವವರು ಹತ್ತಿರ ಇರುವುದಿಲ್ಲ. ಮೇಡಂ ಬಂದ ದಿನವೇ ಹೇಳಿದ್ದಳು: "ಕೆಲಸ ಮುಗಿಯೂತನಾ ಇರತೀನ್ರಿ ಕಾಕಾರ. ಮುಗದ ಕೂಡಲೆ ಖೋಲಿ ಬಿಡತೀನಿ."

ಆ ಒಂದು ಮಾತು ಮಾತ್ರ ನನಗೆ ಸರಿಯಾಗಿ ಕೇಳಿಸಿತು.

ಅಡ್ಡ ಬಿದ್ದ ಗಿಡ

"ಏನ ಕೆಲಸ ಯವ್ವಾ ನಿಂದು?" ಅಂತ ಕೇಳಿದೆ.

"ಗಿಡದ ಮ್ಯಾಲೆ ಕೆಲಸ್ರಿ ಕಾಕಾರ. ಟೊಂಗಿ ಟೊಂಗಿ ಹಿಡದು ನೋಡಬೇಕು."

ನನಗೆ ಹಿಗ್ಗಾಯಿತು. ಟಿಕೋಟದ ಕಡೆ ದ್ರಾಕ್ಷಿ ತೋಟ ಇವೆ, ಇದೂ ಅಂಥದ್ದೇ ಇರಬೇಕು ಅಂತ ಮಾಳಿಗೆ ಮೇಲೆ ಜಾಗ ಹಸನ ಮಾಡಿದೆ. ಎರಡು ಚೀಲ ಕೆಮ್ಮಣ್ಣು ತರಿಸಿದೆ, ನೀರಿಗೆ ಒಂದು ಕೊಡ ಇಟ್ಟೆ. ಮೇಡಂ ಬಂದಳು, ಕಂಪ್ಯೂಟರ್ ಇಟ್ಟಳು, ಬಾಗಿಲು ಹಾಕಿಕೊಂಡಳು. ಮಣ್ಣಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮರುದಿನ ಚಹಾ ಕೊಡುವ ನೆಪದಲ್ಲಿ ಮೇಲೆ ಹೋದೆ. "ಗಿಡ ಎಲ್ಲೈತಿ ಯವ್ವಾ?"

ಆಕೆ ಪರದೆ ತೋರಿಸಿದಳು. ಬೇರು ಎಡಕ್ಕೆ, ಟೊಂಗೆಗಳು ಬಲಕ್ಕೆ. ಎಲೆ ಇಲ್ಲ, ಕಾಯಿ ಇಲ್ಲ. ಒಂದೊಂದು ತುದಿಗೆ ಒಂದೊಂದು ಹೆಸರು: ಆಕಳು, ಎಮ್ಮೆ, ಕುರಿ, ಆಡು. ಎಲ್ಲ ಪ್ರಾಣಿಗಳೂ ಒಂದೇ ಹಳೆಯ ಬೇರಿನಿಂದ ಕವಲೊಡೆದು ಬಂದವು, ಆ ಕವಲುಗಳ ಚಿತ್ರ ಇದು ಅಂತ ತಿಳಿಸಿ ಹೇಳಿದಳು. ನಾನು ಬಹಳ ಹೊತ್ತು ನೋಡಿದೆ.

"ಅಡ್ಡ ಬಿದ್ದೈತಲ್ಲ ಯವ್ವಾ?"

"ಅದು ಇರೂದ ಹಂಗ್ರಿ."

ಇರಲಿ. ಆದರೂ ಒಂದು ಮಾತು ಬಾಯಿಗೆ ಬಂದೇ ಬಿಟ್ಟಿತು. "ನಮ್ಮ ಕಡೆ ಮಂದಿ ಗಿಡದ ಬುಡಕ್ಕ ಆಡ ಕಟ್ಟತಾರ. ನೀ ತುದಿಗೆ ಕಟ್ಟೀದಿ. ಇದು ಗಿಡಾ ಬಿಟ್ಟೀತ?"

ಟೊಂಗಿಗೂ ಬಿಪಿ

ಮೇಡಂ ಟೊಂಗೆಗಳಲ್ಲಿ ನೋಡುತ್ತಿದ್ದದ್ದು ಪ್ರಾಣಿಯ ಗುಣ ಬದಲಾಗಲಿ, ಇಲ್ಲವೇ ಬದಲಾಗದಿರಲಿ ಅಂತ ಬೀಳುವ ಒತ್ತಡ. ಆಕೆಯ ಬಾಯಲ್ಲಿ ಅದು ಪ್ರೆಶರ್. ಎದುರುಮನೆಯ ಅಕ್ಕಾರಿಗೆ ನಾನು ಇಷ್ಟೇ ಹೇಳಿದ್ದೆ: "ನಮ್ಮ ಮೇಡಂ ಪ್ರೆಶರ್ ನೋಡತಾಳ್ರಿ."

ಮುಂಜಾನೆ ಅಕ್ಕಾರು ಬಂದವರೇ ಸೀರೆಯ ಸೆರಗು ಸರಿಸಿ ತೋಳು ಮುಂದೆ ಚಾಚಿ ಕುಂತರು. "ನೋಡವಾ. ನಿನ್ನೆ ಉಪ್ಪಿನಕಾಯಿ ತಿಂದೇನಿ, ಅದನ್ನೂ ಲೆಕ್ಕಕ್ಕ ಹಿಡಿ."

"ನಾ ಮನಶ್ಯಾರ್ದು ನೋಡಂಗಿಲ್ರಿ ಅಕ್ಕಾರ. ಟೊಂಗೀದು ನೋಡತೀನಿ."

ಅಕ್ಕಾರು ಗದ್ದಕ್ಕೆ ಕೈ ಹಚ್ಚಿದರು. "ಯಪ್ಪಾ! ಟೊಂಗಿಗೂ ಬಿಪಿ ಬಂತು? ಏನ ಕಾಲ ಬಂತ ಶಿವನ!"

ಮೇಡಂ ನಕ್ಕು ಸಾವಕಾಶ ಬಿಡಿಸಿ ಹೇಳಿದಳು. ಕಂಪ್ಯೂಟರ್ ಒಂದೊಂದು ಟೊಂಗೆಗೆ ಒಂದು ಅಂಕಿ ಕೊಡುತ್ತದೆ. ಅಂಕಿ ಸೊನ್ನೆಯ ಹತ್ತಿರ ಇದ್ದರೆ, ಅಲ್ಲಿ ಚೂರು ಬದಲಾದರೂ ನಡೆಯುವುದಿಲ್ಲ, ಇದ್ದದ್ದು ಇದ್ದ ಹಾಗೇ ಇರಬೇಕು. ಒಂದರ ಮೇಲೆ ಹೋದರೆ, ಬದಲಾದದ್ದೇ ಅಲ್ಲಿ ಬೇಕಾಗಿದೆ ಅಂತ ಅರ್ಥ.

"ನಮ್ಮತ್ತಿ ಸೊನ್ನಿ," ಅಂದರು ಅಕ್ಕಾರು ತಟ್ಟನೆ. "ಪಲ್ಯಾಕ ಸಾಸಿವಿ ಒಂದ ಹೆಚ್ಚ ಬಿದ್ರ ತಡಕೊಳ್ಳಂಗಿಲ್ಲ. ನನ್ನ ಸೊಸಿ ನೋಡು, ಒಂದೂವರಿ! ಸರಿಯಾಗಿ ಒಂದ ಇದ್ರ ಏನವಾ?"

"ಒಂದ ಇದ್ರ, ಹ್ಯಾಂಗರ ಆಗು, ಯಾರೂ ಕೇಳಂಗಿಲ್ರಿ. ಹಿಡಿಯೋರೂ ಇಲ್ಲ, ದೂಡೋರೂ ಇಲ್ಲ."

"ಅಂದ್ರ ಈ ಟೇಲರ್ ಮಾಮಾಂದು ಒಂದು," ಅಂತ ನಗುತ್ತ ಎದ್ದು ಹೋದರು.

ನಾನೂ ನಕ್ಕೆ. ಮನಿಯಾಕೆ ಇದ್ದಾಗ ನಂದೂ ಸೊನ್ನೆಯೇ ಇತ್ತು. ಚಹಾಕ್ಕೆ ಸಕ್ಕರೆ ಕಡಿಮೆ, ಗುಡಿಗೆ ಹೋಗುವಾಗ ಹೆಗಲ ಮೇಲೆ ಮಡಿ ವಸ್ತ್ರ, ಈ ಅಂಗಿ ಬ್ಯಾಡ ಆ ಅಂಗಿ ಹಾಕ್ಕೋರಿ. ಆಗ ಕಿರಿಕಿರಿ ಅನ್ನಿಸುತ್ತಿತ್ತು. ಆಕೆ ಹೋದ ಮೇಲೆ ಒಂದು ಸೋಮವಾರ ಗುಡಿಗೆ ಹೋದೆ, ಪೂಜೆ ಮಾಡಿಸಿದೆ, ಬಜಾರದಲ್ಲಿ ಗುಂಡಿ, ದಾರ ಕೊಂಡೆ, ನಾಲ್ಕು ಜನರ ಜೊತೆ ಮಾತಾಡಿ ಮನೆಗೆ ಬಂದು ಅಂಗಿ ಬಿಚ್ಚುವಾಗ ನೋಡುತ್ತೇನೆ, ಅಂಗಿ ಉಲ್ಟಾ ಹಾಕಿಕೊಂಡಿದ್ದೆ. ಒಬ್ಬರೂ ಹೇಳಿರಲಿಲ್ಲ.

ಊರ ಮಂದಿಗೆ ಅಂಗಿ ಹೊಲಿಯುವ ಟೇಲರ್ ನಾನು. ಹೊಸ ಫ್ಯಾಶನ್ ಅಂದುಕೊಂಡಿರಬೇಕು.

ಆಡಿನ ಬೆಡಗು

ಮೇಡಂಗೆ ಆಡು, ಕುರಿ, ಆಕಳುಗಳ ರಕ್ತ ಬೇಕಾಯಿತು. ನೀರು ಕಡಿಮೆ ಇರುವ ನಾಡಿನಲ್ಲಿ ಆಡು ಹೇಗೆ ತಡೆದುಕೊಳ್ಳುತ್ತದೆ, ಅದರ ಮೈಯಲ್ಲಿ ನೀರು ಉಳಿಸುವ ಗುಣ ಯಾವ ಟೊಂಗೆಯಲ್ಲಿ ಬದಲಾಯಿತು ಎಂಬುದು ಆಕೆಯ ಪ್ರಶ್ನೆ. ಆಕಳಿಗೆ ಟಿಕೋಟ, ಆಡು ಕುರಿಗೆ ಬಬಲೇಶ್ವರ ಅಂತ ನಾನೇ ಕರೆದುಕೊಂಡು ಹೋದೆ. ದನದ ಡಾಕ್ಟರರೂ ಜೊತೆಗೆ ಬಂದಿದ್ದರು.

ಬಬಲೇಶ್ವರದಲ್ಲಿ ಕುರಿ ಕಾಯುವ ಮುದುಕ ಆಡಿನ ಕೊರಳು ಹಿಡಿದುಕೊಂಡೇ ಕೇಳಿದ. "ರಕ್ತ ತಗೊಂಡ ಏನ ಮಾಡ್ತೀರಿ?"

"ಇದರ ಹಿರ್ಯಾರು ಯಾರು, ಯಾರಿಗೆ ಯಾರು ಹತ್ತರದವರು ಅಂತ ನೋಡತೀವ್ರಿ ಅಜ್ಜಾರ."

ಮುದುಕ ನನ್ನ ಕಡೆ ತಿರುಗಿದ. ನಮ್ಮಲ್ಲಿ ಹಾಗೆ ವಂಶ, ಬೆಡಗು ಕೇಳುವುದು ಲಗ್ನ ಗೊತ್ತು ಮಾಡುವಾಗ ಮಾತ್ರ. ಒಂದೇ ಬೆಡಗು ಆದರೆ ಅಣ್ಣ ತಂಗಿ, ಸಂಬಂಧ ಕೂಡುವುದಿಲ್ಲ.

"ಚೊಲೋ ಆತು," ಅಂದ ಮುದುಕ. "ಆದ್ರ ಭಾಳ ತಡಾ ಮಾಡಿದ್ರಿ. ಇದು ಈಗಾಗಲೆ ಗಬ್ಬ ಐತಿ."

ಹಿಡಿಸದ ಊರು

ಒಂದು ಮಧ್ಯಾಹ್ನ ಮೇಡಂ ಮೇಲಿಂದ ದಡದಡ ಇಳಿದು ಬಂದಳು. "ಕಾಕಾರ, ನಿಮ್ಮ ಊರ ಹಿಡಸವಲ್ದರಿ!"

ಸಂಗತಿ ಏನೆಂದರೆ, ಆ ಸಾಫ್ಟ್‌ವೇರಿನದು ಹಳೆಯ ಪದ್ಧತಿ. ಇಂಗ್ಲಿಷಿನಲ್ಲಿ ಬರೆದ ಹೆಸರಿಗೆ ಹತ್ತೇ ಅಕ್ಷರದ ಜಾಗ. ಟಿಕೋಟದ ಆಕಳು ಆರಾಮ ಹಿಡಿಸಿತು. ಬಬಲೇಶ್ವರಕ್ಕೆ ಹನ್ನೊಂದು ಅಕ್ಷರ. ಊರಿನ ಬಾಲವೂ ಕತ್ತರಿಸಿಹೋಯಿತು, ಅದರ ಮುಂದೆ ಬರೆದಿದ್ದ ಆಡು ಕುರಿಯೂ ಹಾರಿಹೋದವು. ಉಳಿದದ್ದು ಎರಡು 'ಬಬಲೇಶ್ವ'. ಒಂದೇ ಹೆಸರಿನವರು ಇಬ್ಬರು ಯಾಕೆ ಅಂತ ಕಂಪ್ಯೂಟರ್ ನಿಂತುಬಿಟ್ಟಿತು.

ನನಗೆ ಮನಿಯಾಕೆ ನೆನಪಾದಳು. ಲಗ್ನವಾದ ಹೊಸದರಿಂದ ಕಡೆಯತನಕ ಆಕೆ ಚಾಷ್ಟಿ ಮಾಡುತ್ತಿದ್ದದ್ದು ಇದೇ ಮಾತಿಗೆ: "ನಿಮ್ಮ ಊರಿಂದು ಹೆಸರಷ್ಟ ಉದ್ದ. ನಮ್ಮ ಟಿಕೋಟ ನೋಡ್ರಿ, ಬಾಯಾಗ ಹಿಡಸತೈತಿ." ಆಕೆ ಇದ್ದಿದ್ದರೆ ಅವತ್ತು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು.

"ಸಣ್ಣ ಹೆಸರ ಎರಡ ಹೇಳ್ರಿ ಕಾಕಾರ, ಮರಿಬಾರದಂಥಾವು," ಅಂದಳು ಮೇಡಂ.

"ಕುರಿಗೆ ಕಾಕಾ ಅಂತ ಇಡವಾ. ಆಡಿಗೆ ಕಾಕು."

ಮನಿಯಾಕೆ ಇದ್ದಿದ್ದರೆ ಮೇಡಂ ಆಕೆಯನ್ನು ಕಾಕು ಅಂತಲೇ ಕರೆಯುತ್ತಿದ್ದಳು. ಹೆಸರು ಕೂತವು. ಮೇಲೆ ಹೋಗಿ ನೋಡಿದೆ. ಗಿಡದಲ್ಲಿ ಕಾಕಾ, ಕಾಕು ಒಂದೇ ಕವಲಿನ ಎರಡು ತುದಿಯಲ್ಲಿ ಮಗ್ಗಲಿಗೆ ಮಗ್ಗಲು ಕುಂತಿದ್ದರು. ಎಷ್ಟೋ ದಿನದ ಮೇಲೆ ಹಾಗೆ ಕುಂತದ್ದು. ನೋಡುತ್ತ ನಿಂತೆ.

"ಹಿಂಗ ಜೋಡಿ ಇದ್ರ ಸೋದರಿ ಟೊಂಗಿ ಅಂತಾರ್ರಿ," ಅಂದಳು ಮೇಡಂ.

"ಹಂಗ ಅನಬ್ಯಾಡ ಯವ್ವಾ," ಅಂದೆ. "ಬೆಡಗ ನೋಡೇ ಲಗ್ನಾ ಮಾಡ್ಯಾರ."

ಸಾವಕಾಶ

ಕಡೆಯ ಲೆಕ್ಕ ಶುರುವಾಯಿತು. ಬದಲಾದದ್ದು ಇಲ್ಲೇ ಇರಬೇಕು ಅಂತ ತನಗೆ ಅನುಮಾನವಿದ್ದ ಕಾಕೂನ ಟೊಂಗೆಗೆ ಮೇಡಂ ಒಂದು ಗುರುತು ಹಾಕಿದಳು. ಕಂಪ್ಯೂಟರ್ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ನಾನು ಮುಂಜಾನೆ ಜಳಕ ಮಾಡಿ, ಪೂಜೆ ಮುಗಿಸಿ, ಮೇಲೆ ಹೋಗಿ ಅದಕ್ಕೂ ಒಂದಿಷ್ಟು ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದೆ. ಲೆಕ್ಕ ಮುಗಿದರೆ ಖೋಲಿ ಖಾಲಿ, ಅದು ಇಬ್ಬರಿಗೂ ಗೊತ್ತಿತ್ತು.

ವಾರ ಕಳೆಯಿತು. ಮೇಡಂ ಸೋತ ಮುಖ ಮಾಡಿದಳು. "ಯಾಕೋ ಭಾಳ ಸಾವಕಾಶ ನಡದೈತ್ರಿ ಕಾಕಾರ. ನೀವರ ಒಂದೀಟ ದೇವರಿಗೆ ಬೇಡ್ಕೋರಿ."

"ದಿನಾ ಅದನ್ನ ಬೇಡ್ಕೊಳ್ಳಾಕತ್ತೇನಿ ಯವ್ವಾ," ಅಂದೆ.

ಒಂದರ ಮ್ಯಾಲೆ

ಆದರೂ ಮುಗಿಯಿತು. ನಾನು ಅಂಗಡಿಯಲ್ಲಿ ಅಂಗಿಯ ಗುಂಡಿಗೆ ಕಾಜಿ ಹಾಕುತ್ತಿದ್ದೆ. ಮೇಡಂ ಮಾಳಿಗೆಯ ಅಂಚಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದಳು: "ಕಾಕಾರ! ಕಾಕೂನ ಪ್ರೆಶರ್ ಏರೇತ್ರಿ! ಕಾಕು ಒಂದರ ಮ್ಯಾಲೆ ಹೋಗ್ಯಾಳ!"

ಎದುರುಮನೆಯ ಅಕ್ಕಾರ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ನಮ್ಮಾಕೆ ತೀರಿಕೊಂಡಾಗ ಬಾಯಿಗೆ ನೀರು ಬಿಟ್ಟವರೇ ಅವರು. ಓಡಿ ಬಂದು ನನ್ನ ತೋಳು ಹಿಡಿದರು.

"ಮಾಮಾ, ಹೋದಾಕಿಗೆ ಅಲ್ಲೂ ಬಿಪಿ ಬಿಟ್ಟಿಲ್ಲೇನ್ರಿ? ಯಾರ ಹೇಳಿ ಕಳಿಸಿದ್ರು?"

ಹಿಂದೆಯೇ ನಾಲ್ಕು ಮನೆಯವರು ಬಂದರು. ಒಬ್ಬರು ಶಾಂತಿ ಮಾಡಿಸಿ ಅಂದರು, ಇನ್ನೊಬ್ಬರು ಮಾತ್ರೆ ಯಾವುದು ಅಂತ ಕೇಳಿದರು. ಮೇಡಂ ಇಳಿದು ಬಂದು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಎರಡು ಸಲ ಆಗಿತ್ತು. ಅಷ್ಟು ಜನ ನಮ್ಮ ಮನೆಯಲ್ಲಿ ಕುಂತದ್ದು ಮನಿಯಾಕೆ ಹೋದ ದಿನದ ನಂತರ ಅದೇ ಮೊದಲು.

"ಹಂಗಾರ ಕಾಕಾಂದು ಎಷ್ಟ ಬಂದೈತಿ?" ಅಂತ ಅಕ್ಕಾರು ಕೇಳಿದರು.

ಮೇಡಂ ನನ್ನ ಮುಖ ನೋಡಿ ಮೆಲ್ಲಗೆ ಅಂದಳು, "ಕಾಕಾಂದು ಒಂದ ಐತ್ರಿ."

"ಅದಕ್ಕ ಕಂಪ್ಯೂಟರ್ ಯಾಕ ಬೇಕಿತ್ತವಾ?" ಅಂದೆ. ಎಲ್ಲರೂ ನಕ್ಕರು. ಅಕ್ಕಾರು ಮಾತ್ರ ನಗಲಿಲ್ಲ.

ಮೇಡಂ ಖೋಲಿ ಬಿಟ್ಟಳು. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆ ಗಿಡದ ಚಿತ್ರ ಕೊಟ್ಟಳು. ಅಂಗಡಿಯಲ್ಲಿ ಹಾಕಿದ್ದೇನೆ, ಅಡ್ಡಕ್ಕೇ. ಮೆಟ್ಟಿಲು ಮತ್ತೆ ಸುಮ್ಮನಾಯಿತು.

ಮುಂದಿನ ಸೋಮವಾರ ಗುಡಿಗೆ ಹೊರಟೆ. ಓಣಿ ದಾಟಿರಲಿಲ್ಲ, ಹಿಂದಿನಿಂದ ಅಕ್ಕಾರ ದನಿ ಬಂತು: "ಮಾಮಾ! ನಿಲ್ರಿ! ಟೇಲರ್ ಆಗಿ ಅಂಗಿ ಉಲ್ಟಾ ಹಾಕ್ಕೊಂಡ ಹೊಂಟೀರಲ್ಲ, ನಾಚಕಿ ಬರಂಗಿಲ್ಲ? ಮೊದಲ ಮನಿಗೆ ನಡೀರಿ!"

ಬೈಸಿಕೊಂಡು ಮನೆಗೆ ಬಂದೆ. ಸರಿ ಮಾಡಿ ಹಾಕಿಕೊಂಡೆ. ಎದೆ ಹಗುರಾಯಿತು.

ಅದರ ಮುಂದಿನ ಸೋಮವಾರ ಮತ್ತೆ ಉಲ್ಟಾ ಹಾಕಿಕೊಂಡು, ಅವರ ಬಾಗಿಲ ಮುಂದೆ ಸಾವಕಾಶ ನಡೆದೆ.

ಇದನ್ನು ಓದಿದವರು ಇನ್ನೊಬ್ಬರಿಗೆ ಹೇಳಬೇಕು. ಟಿಕೋಟದ ಕಡೆ ಹೋಗುವವರು ಇದ್ದರೆ ನಮ್ಮ ಮನಿಯಾಕೆಯ ತವರಿನವರಿಗೆ ತಪ್ಪದೆ ಹೇಳಿ, ನಿಮ್ಮ ಮಗಳು ಒಂದರ ಮೇಲೆ ಹೋಗಿದ್ದಾಳೆ ಅಂತ. ಹೇಳುವಾಗ ಎದುರಿಗೆ ಕುಂತವನ ಅಂಗಿ ಉಲ್ಟಾ ಇದ್ದರೆ, ಮೊದಲು ಅದನ್ನು ಹೇಳಿ.