ನೀರು ಕುಡಿದ ಓಪಲ್

ಜಗತ್ತಿನ ಯಾವ ಓಪಲ್ ಕಲ್ಲೂ ಇನ್ನು ನನ್ನ ಕಣ್ಣು ತಪ್ಪಿಸಿಕೊಳ್ಳಲಾರದು ಎಂದು ಘೋಷಿಸಿದ್ದೆ! ದಾವಣಗೆರೆಯಿಂದ ಹರಿಹರದ ಕಾರ್ಖಾನೆಗೆ ಹೋಗಿಬರುವ ಬಸ್ಸಿನಲ್ಲೇ ನಲವತ್ತು ವಿಡಿಯೊ ಅರೆದು ಕುಡಿದಿದ್ದೆ. ಇಡೀ ಒಂದೇ ಕಲ್ಲು, ಎರಡು ಪದರ ಅಂಟಿಸಿದ್ದು, ಮೂರು ಪದರ ಅಂಟಿಸಿದ್ದು, ಬರೀ ಗಾಜು: ಎಲ್ಲ ಬಾಯಿಪಾಠ. ಆ ಪಾಂಡಿತ್ಯದ ಬಲದಿಂದಲೇ ಹೋದ ವಾರ ಆನ್‌ಲೈನಿನಲ್ಲಿ ಉಂಗುರ ತರಿಸಿ, "ಇಡೀ ಒಂದೇ ಕಲ್ಲು ಕಣೇ!" ಎಂದು ಹೆಂಡತಿ ಯಶೋದಾಳ ಬೆರಳಿಗೆ ತೊಡಿಸಿದ್ದೆ.

ಅಷ್ಟರಲ್ಲಿ ಕುಕ್ಕುವಾಡದಿಂದ ಬಂದ ಅತ್ತೆ ಗಿರಿಯಮ್ಮ, ಅಳಿಯನಿಗೆ ಶುಕ್ರಬಲ ಬರಲೆಂದು ನನಗೂ ಒಂದು ಓಪಲ್ ಉಂಗುರ ತಂದರು. ಅಲ್ಲಾಡಿಸಿದರೆ ಹಸಿರು, ಕೆಂಪು ಕಿಡಿ! ಶುಕ್ರವಾರ ಬೆಳಗ್ಗೆ ಯಶೋದಾ ಶಾಸ್ತ್ರದಂತೆ ಅದನ್ನು ಹಸಿ ಹಾಲಲ್ಲಿ ಅದ್ದಿ ತೆಗೆದು, ನೀರಿನ ಬಟ್ಟಲಿಗೆ ಹಾಕಿ ದೇವರ ಮುಂದಿಟ್ಟಳು. ಸಂಜೆ ನಾನು ಬಂದು ನೋಡಿದರೆ ಬಣ್ಣವೂ ಇಲ್ಲ, ಕಿಡಿಯೂ ಇಲ್ಲ. ಕಲ್ಲಿನೊಳಗಿಂದ ಬಟ್ಟಲಿನ ತಳವೇ ಕಾಣುತ್ತಿದೆ!

"ಅತ್ತೆ, ಮೋಸ ಹೋದ್ರಿ! ಇದು ಗಾಜು!"

ಅತ್ತೆಯ ಮುಖ ಕೆಂಪಾಯಿತು. "ಮುನಾಫ್ ಸಾಹೇಬ್ರು ಗಾಜು ಕೊಡೋರಲ್ಲ. ನಡೀರಿ ಅವ್ರ ಅಂಗಡಿಗೆ. ಗಾಜಾದ್ರೆ ನಾನು ಈ ಹೊಸ್ತಿಲು ತುಳಿಯಲ್ಲ. ಅಲ್ಲಾಂದ್ರೆ?"

"ಅಲ್ಲಾಂದ್ರೆ ನಿಮ್ಮ ಮಗಳು ಹೇಳಿದ ಕೆಲ್ಸ ಮಾಡ್ಕೊಂಡು ಬಿದ್ದಿರ್ತೀನಿ!"

ಕಲ್ಲು ಕೂರಿಸುವುದರಲ್ಲೇ ಕೂದಲು ನರೆತಿದ್ದ ಮುನಾಫ್ ಸಾಹೇಬರು ಉಂಗುರವನ್ನು ದೀಪಕ್ಕೆ ಹಿಡಿದು, "ನೀರಿಗೆ ಹಾಕಿದ್ರೇನು?" ಎಂದರು.

"ಬೆಳಗ್ಗಿಂದ ನೀರಾಗೇ ಇತ್ರಿ," ಎಂದಳು ಯಶೋದಾ.

"ಇದು ನೀರು ಕುಡಿಯೋ ಓಪಲ್ ರೀ. ಕುಡಿದ್ರೆ ಬಣ್ಣ ಅಡಗ್ತೈತೆ. ನೆರಳಾಗೆ ಒಣಗಿಸ್ರಿ, ನಾಲ್ಕು ದಿನಕ್ಕೆ ವಾಪಸ್ ಬರ್ತೈತೆ. ಅಸಲಿ ಮಾಲು!"

ಯಶೋದಾ ಮೆಲ್ಲಗೆ ತನ್ನ ಬೆರಳನ್ನೂ ಚಾಚಿದಳು. "ಇದನ್ನೂ ನೋಡ್ರಿ ಸಾಹೇಬ್ರೆ."

ಸಾಹೇಬರು ಮಸೂರ ಇಟ್ಟು ನೋಡಿ ನನ್ನತ್ತ ಕನಿಕರದಿಂದ ತಿರುಗಿದರು. "ಕೆಳಗೆ ಕರೀ ತಳ, ಮೇಲೆ ಗಾಜಿನ ಟೋಪಿ, ನಡುವೆ ಈರುಳ್ಳಿ ಸಿಪ್ಪಿಯಷ್ಟು ಓಪಲ್. ಮೂರು ಪದರ. ನೀರು ತಾಗಿಸಬ್ಯಾಡ್ರಮ್ಮ, ಅಂಟು ಬಿಡ್ತೈತೆ."

ನಲವತ್ತು ವಿಡಿಯೊ ಅಲ್ಲೇ ಆವಿಯಾದವು!

ನಾಲ್ಕನೇ ದಿನ ಕಲ್ಲಿಗೆ ಕಿಡಿ ಮರಳಿತು, ಉಂಗುರ ನನ್ನ ಬೆರಳೇರಿತು. ಅತ್ತೆ ನನ್ನ ಹೊಸ್ತಿಲನ್ನು ಬೇಕೆಂದೇ ಎರಡು ಸಲ ತುಳಿದು ಒಳಬಂದು, "ಅಳಿಯಂದ್ರೇ, ಚಾ ತರ್ರಿ" ಎಂದರು. ಯಶೋದಾ ಎಂಜಲು ಪಾತ್ರೆಗಳನ್ನು ನನ್ನ ಮುಂದೆ ಸರಿಸಿದಳು.

"ನನ್ನ ಉಂಗುರಕ್ಕೆ ನೀರು ತಾಗಬಾರ್ದಂತೆ. ಇನ್ಮ್ಯಾಲೆ ಪಾತ್ರೆ ನಿಮ್ದು."

"ತೆಗೆದಿಟ್ಟು ತೊಳಿಯೇ!"

"ಗಂಡ ಕೈಯಾರೆ ತೊಡ್ಸಿದ್ದು. ತೆಗೀಲಾ?"

"ನನ್ನ ಬೆರಳಲ್ಲೂ ಓಪಲ್ ಐತಲ್ಲೇ! ಅದು ನೀರು ಕುಡಿದ್ರೆ?"

"ಕುಡೀಲಿ ಬಿಡ್ರಿ. ನಮ್ಮವ್ವ ಕೊಟ್ಟಿದ್ದು, ಒಣಗ್ತೈತೆ!"