ಒಂದೂವರೆ ಗಂಟೆಯ ಸಮುದ್ರ

ಗಂಡ: ಮೂವತ್ತಾರು ಸಾವಿರದ ಇನ್ನೂರ ಎಪ್ಪತ್ತಾರು! ಎಲ್ಲಿ ಹೋಯ್ತು, ಹೇಳು. ಬೆಳಿಗ್ಗೆ ತಿಂಡಿ ತಿನ್ನೋವಾಗ ಇತ್ತು. ಊಟ ಮಾಡಿ ಕೈ ತೊಳೆಯೋ ಹೊತ್ತಿಗೆ ಇಲ್ಲ.

ಹೆಂಡತಿ: ಎಲ್ಲೂ ಹೋಗಿಲ್ಲ ರೀ. ಅದು ಇರಲೇ ಇಲ್ಲ.

ಗಂಡ: ಇರಲಿಲ್ವಾ? ಮೆಷಿನ್ನಿಂದ ವರ್ಷಕ್ಕೆ ಮೂವತ್ತು ಸಾವಿರ. ಐದು ವರ್ಷ. ಐದ್ ಮೂರ್ಲಿ ಹದಿನೈದು, ಅಂದ್ರೆ ಒಂದೂವರೆ ಲಕ್ಷ. ಮೆಷಿನ್ನಿಗೆ ಒಂದು ಲಕ್ಷ ಕೊಟ್ರೆ ಐವತ್ತು ಸಾವಿರ ಲಾಭ. ನೀನು ಪೆನ್ಸಿಲ್ ಹಿಡ್ಕೊಂಡು ಕೂತೆ, ಹದಿಮೂರು ಸಾವಿರದ ಏಳ್ನೂರ ಇಪ್ಪತ್ನಾಲ್ಕು ಅಂತ ಎದ್ದೆ. ಮನೇಲಿ ಇರೋದು ಮೂರು ಜನ. ನಾನಂತೂ ತೆಗೊಂಡಿಲ್ಲ.

ಹೆಂಡತಿ: ಹಾಗಾದ್ರೆ ನಾನು ತೆಗೊಂಡ್ನಾ? ಇನ್ನೂ ಕೊಳ್ಳದ ಮೆಷಿನ್ನು ಇನ್ನೂ ದುಡಿಯದ ದುಡ್ಡನ್ನ?

ಗಂಡ ನಿಜಕ್ಕೂ ಬಗ್ಗಿ ಮೇಜಿನ ಕೆಳಗೆ ನೋಡಿದ. ಅಲ್ಲಿ ಎರಡು ತಿಂಗಳ ಹಿಂದೆ ಕಳೆದುಹೋಗಿದ್ದ ಒಂದು ಸಣ್ಣ ತಿರುಪು ಸಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡ.

ಅದು ಗಡಿಯಾರ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಗೋಡೆಯ ಮೇಲೆ ನಲವತ್ತೊಂದು ಗಡಿಯಾರಗಳಿದ್ದವು. ಕೆಟ್ಟವು ಕೆಟ್ಟ ಹೊತ್ತಿಗೇ ನಿಂತಿದ್ದವು, ರಿಪೇರಿಯಾದವು ತಮಗೆ ತೋಚಿದ ಸಮಯ ಹೇಳುತ್ತಿದ್ದವು. ಮನೆಯವರೆಲ್ಲ ನಂಬುತ್ತಿದ್ದುದು ಒಳಗೋಡೆಯ ಲೋಲಕದ ಗಡಿಯಾರವೊಂದನ್ನೇ. ಅದೂ ಇಪ್ಪತ್ತು ನಿಮಿಷ ಮುಂದಿತ್ತು. ಮಗ ಶಾಲೆಗೆ ತಡವಾಗಿ ಹೋಗಬಾರದೆಂದು ಗಂಡನ ಅಪ್ಪ ಮುಂದಿಟ್ಟದ್ದು. ಮಗ ಹೇಗೋ ಶಾಲೆ ಮುಗಿಸಿದ, ಅಪ್ಪ ತೀರಿಕೊಂಡರು, ಮುಳ್ಳು ಮಾತ್ರ ಮುಂದೆಯೇ ಉಳಿಯಿತು. ಊರಿಗೆಲ್ಲ ಸಮಯ ಸರಿ ಮಾಡಿಕೊಡುವ ಮನೆಯಲ್ಲಿ ಸರಿಯಾದ ಸಮಯ ಯಾರಿಗೂ ಗೊತ್ತಿರಲಿಲ್ಲ ಎಂದರೆ ನಗಬೇಡಿ, ನನಗೂ ಮೊದಲು ನಂಬಿಕೆ ಬರಲಿಲ್ಲ.

ಈಗ ಜಗಳ ಬಂದಿರುವುದು ಗಡಿಯಾರದ ಬಿಡಿಭಾಗ ತೊಳೆಯುವ ಒಂದು ಮೆಷಿನ್ನಿನ ಮೇಲೆ. ಬ್ರಷ್ಷು ಹಿಡಿದು ಅರ್ಧ ದಿನ ಉಜ್ಜುವ ಕೆಲಸವನ್ನು ಅದು ಹತ್ತು ನಿಮಿಷದಲ್ಲಿ ಮಾಡುತ್ತದಂತೆ. ಮಾರುವವನು ಸಂಜೆ ಐದರೊಳಗೆ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಗಂಡನಿಗೆ ಮೆಷಿನ್ನು ಬೇಕೇ ಬೇಕು. ಸಣ್ಣ ವ್ಯಾಪಾರಿಗಳ ಸಂಘದವರು ನಡೆಸಿದ ಆರು ಭಾನುವಾರಗಳ ಲೆಕ್ಕದ ತರಗತಿಗೆ ಗಂಡ ಹೋಗಲೊಲ್ಲದೆ ಹೆಂಡತಿ ಹೋಗಿಬಂದಿದ್ದಳು. ಅವಳ ಲೆಕ್ಕದಲ್ಲೂ ಮೆಷಿನ್ನು ಕೊಳ್ಳಬಹುದು ಎಂದೇ ಬಂದಿತ್ತು. ಇಬ್ಬರದೂ ಒಂದೇ ಅಭಿಪ್ರಾಯ. ಅದಕ್ಕೇ ಜಗಳ ಇಷ್ಟು ಜೋರಾಗಿತ್ತು.

ಹೆಂಡತಿ: ಇನ್ನೊಂದ್ಸಲ ಹೇಳ್ತೀನಿ, ಕಿವಿ ಕೊಟ್ಟು ಕೇಳಿ. ಮುಂದಿನ ವರ್ಷ ಬರೋ ಮೂವತ್ತು ಸಾವಿರ, ಇವತ್ತು ಕೈಲಿರೋ ಮೂವತ್ತು ಸಾವಿರಕ್ಕೆ ಸಮ ಅಲ್ಲ. ಇವತ್ತು ಇಪ್ಪತ್ತೇಳು ಸಾವಿರ ಚಿಲ್ಲರೆ ಇದ್ರೆ, ನೂರಕ್ಕೆ ಹತ್ತರ ಹಾಗೆ ಬೆಳೆದು ಮುಂದಿನ ವರ್ಷಕ್ಕೆ ಮೂವತ್ತಾಗುತ್ತೆ. ಹಾಗಾಗಿ ಅದರ ಇವತ್ತಿನ ಬೆಲೆ ಇಪ್ಪತ್ತೇಳೇ.

ಗಂಡ: ಹತ್ತು ಯಾಕೆ?

ಹೆಂಡತಿ: ಬ್ಯಾಂಕಲ್ಲಿಟ್ರೆ ಎಂಟು ಬರುತ್ತೆ. ಮೆಷಿನ್ನು ನಿಮ್ಮ ಕೈಗೆ ಸಿಕ್ಕಿ ಕೆಟ್ರೆ ಅನ್ನೋ ಭಯಕ್ಕೆ ಇನ್ನೆರಡು.

ಗಂಡ: ನನ್ನ ಕೈಗೆ ಬರೀ ಎರಡಾ?

ಹೆಂಡತಿ: ಗಂಡ ಅಂತ ಕಮ್ಮಿ ಹಾಕಿದೀನಿ. ಐದನೇ ವರ್ಷದ ಮೂವತ್ತಿಗೆ ಇವತ್ತಿನ ಬೆಲೆ ಹದಿನೆಂಟು ಸಾವಿರದ ಆರ್ನೂರು ಚಿಲ್ಲರೆ. ಹೀಗೆ ಐದೂ ವರ್ಷದ್ದು ಕೂಡಿಸಿ, ಇವತ್ತು ಕೊಡೋ ಒಂದು ಲಕ್ಷ ಕಳೀಬೇಕು. ಉಳಿಯೋದೇ ನಿವ್ವಳ ಪ್ರಸ್ತುತ ಮೌಲ್ಯ. ಅದು ಸೊನ್ನೆಗಿಂತ ಮೇಲಿದ್ರೆ ತಗೋಬಹುದು, ಕೆಳಗಿದ್ರೆ ಕೈ ಮುಗಿದು ಬರಬೇಕು.

ಗಂಡ: ನನ್ನ ಮೂವತ್ತು ಸಾವಿರ ಐದು ವರ್ಷ ದಾರೀಲಿ ನಡ್ಕೊಂಡು ಬರುತ್ತೆ, ಬರ್ತಾ ಬರ್ತಾ ಸಣ್ಣಗಾಗುತ್ತೆ. ಊಟ ಹಾಕೋರು ಯಾರೂ ಇಲ್ವಾ ಅದಕ್ಕೆ?

ಹೆಂಡತಿ: ಅಯ್ಯೋ ರಾಮ. ನೋಡಿ, ಮೇಷ್ಟ್ರು ಅಲಾರಾಂ ಗಡಿಯಾರ ಕೊಟ್ರಲ್ಲ, ಯಾವಾಗ ಬನ್ನಿ ಅಂದಿದ್ರಿ?

ಗಂಡ: ಗುರುವಾರ.

ಹೆಂಡತಿ: ಅವರು ಏನಂದ್ರು?

ಗಂಡ: ಸರಿ, ಮುಂದಿನ ತಿಂಗಳು ಬರ್ತೀನಿ ಅಂದ್ರು.

ಹೆಂಡತಿ: ಅದೇ ಇದು! ಬರ್ತೀನಿ ಅನ್ನೋ ಯಾವುದನ್ನೂ ಪೂರ್ತಿ ಬೆಲೆಗೆ ತಗೋಬಾರದು. ಮೇಷ್ಟ್ರಿಗೆ ತರಗತಿಗೆ ಹೋಗದೇನೇ ಗೊತ್ತಾಗಿದೆ.

ಗಂಡ ಸುಮ್ಮನಾದ. ಅವನು ಸುಮ್ಮನಾದ ಎಂದರೆ ಅರ್ಥವಾಯಿತು ಎಂದಲ್ಲ, ಹೊಸದೊಂದು ಉಪಾಯ ಹೊಳೆಯುತ್ತಿದೆ ಎಂದು. ಎದ್ದುಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿದ.

ಗಂಡ: ಐದನೇ ವರ್ಷದ ದುಡ್ಡು ಕಮ್ಮಿಯಾಗಿದ್ದು ಯಾಕೆ? ಐದು ವರ್ಷ ದೂರ ಇದೆ ಅಂತ. ತಾನೆ?

ಹೆಂಡತಿ: ಹೂಂ.

ಗಂಡ: ಹತ್ತಿರ ತಂದ್ರೆ?

ಹೆಂಡತಿ: ಏನನ್ನ?

ಗಂಡ: ವರ್ಷಾನ. ಮುಳ್ಳು ಮುಂದೆ ತಿರುಗಿಸೋದೇ ನನ್ನ ಕಸುಬು ಕಣೇ. ನಮ್ಮಪ್ಪ ಒಂದು ಮನೇನೇ ಇಪ್ಪತ್ತು ನಿಮಿಷ ಮುಂದೆ ಹಾಕಿ ಹೋದ್ರು, ಯಾರಾದ್ರೂ ಕೇಳಿದ್ರಾ? ನಾವು ಈಗಿಂದ ಈ ಅಂಗಡೀನ ಐದು ವರ್ಷ ಮುಂದೆ ಹಾಕ್ಕೊಳ್ಳೋಣ. ರಸೀದಿ ಮೇಲೆ ಹೊಸ ತಾರೀಕು, ಗೋಡೆ ಮೇಲೆ ಹೊಸ ಕ್ಯಾಲೆಂಡರ್. ಎಲ್ಲಾ ಮೂವತ್ತೂ ಮೂವತ್ತಾಗೇ ಉಳಿಯುತ್ತೆ.

ಹೆಂಡತಿ: ಐದು ವರ್ಷ ಮುಂದಕ್ಕೆ ಹೋದ್ರೆ ಮೆಷಿನ್ನು ಹಳೇದಾಗಿ ಗುಜರಿಗೆ ಹೋಗಿರುತ್ತೆ.

ಗಂಡ: ಹೋಗಲಿ. ನನ್ನ ದುಡ್ಡು ಬಂತಲ್ಲ.

ಹೆಂಡತಿ: ನಿಮಗೆ ಐವತ್ತಾರಾಗುತ್ತೆ. ಅತ್ತೆಗೆ ಎಂಬತ್ನಾಲ್ಕಾಗುತ್ತೆ.

ಪರದೆಯ ಆಚೆಯಿಂದ ಬಟಾಣಿ ಸುಲಿಯುವ ಸದ್ದು ನಿಂತಿತು.

ಅಮ್ಮ: ಯಾರಿಗೆ ಎಂಬತ್ನಾಲ್ಕು?

ಪರದೆ ಸರಿಸಿ ಅಮ್ಮ ಬಂದರು. ಮಡಿಲಲ್ಲಿ ಬಟಾಣಿ, ಕಿವಿಯ ಹಿಂದೆ ಸೊಸೆಯ ಇನ್ನೊಂದು ಪೆನ್ಸಿಲ್. ಎಪ್ಪತ್ತೊಂಬತ್ತು ವರ್ಷ. ಮೆಷಿನ್ನಿಗೆ ಹಾಕಬೇಕಾದ ಒಂದು ಲಕ್ಷ ಅವರದೇ. ಬ್ಯಾಂಕಿನ ಠೇವಣಿ ಅದೇ ವಾರ ಮುಗಿದಿತ್ತು.

ಅಮ್ಮ: ನನ್ನ ವಯಸ್ಸನ್ನ ನನ್ನ ಕೇಳದೆ ಮುಂದೆ ಹಾಕಿದ್ರೆ ಇಬ್ಬರಿಗೂ ಊಟ ಇಲ್ಲ. ಹೋಗ್ಲಿ, ಲಕ್ಷ ನಂದು. ನನಗೇನು ಸಿಗುತ್ತೆ?

ಗಂಡ: ಸಮುದ್ರ, ಅಮ್ಮ! ನೀನು ಆಸೆಪಟ್ಟಿದ್ದೆ ಅಲ್ವಾ? ಐದನೇ ವರ್ಷದ ಲಾಭ ಕೈಗೆ ಬಂದ ತಕ್ಷಣ ಎರಡು ದಿನ ಸಮುದ್ರ ತೋರಿಸ್ಕೊಂಡು ಬರ್ತೀನಿ.

ಅಮ್ಮ: ನಿಮ್ಮಪ್ಪಾನೂ ಮದುವೆ ವರ್ಷ ಇದೇ ಅಂದ್ರು. ಮೊದಲು ಅಂಗಡಿಗೆ ಹೊಸ ಬಾಗಿಲು ಮಾಡಿಸಬೇಕು ಅಂದ್ರು. ಆಮೇಲೆ ನೀನು ಹುಟ್ಟಿದೆ. ಆಮೇಲೆ ನಿನ್ನ ಹಲ್ಲು ಸೊಟ್ಟಗೆ ಬಂತು, ಅದಕ್ಕೆ ತಂತಿ. ಬರೋ ವರ್ಷ, ಬರೋ ವರ್ಷ. ಸಮುದ್ರ ದೂರ ಹೋಗಿ ಹೋಗಿ ನನಗೆ ಈಗ ಅದರ ಬಣ್ಣಾನೂ ಮರೆತುಹೋಗಿದೆ.

ಗಂಡ: ನೋಡೇ ಇಲ್ಲ ನೀನು!

ಅಮ್ಮ: ಅದಕ್ಕೇ ಮರೆತಿರೋದು. ಸೊಸೆ, ನಿನ್ನ ಲೆಕ್ಕ ಪರದೆ ಹಿಂದೆ ಕೂತು ಕೇಳಿದೀನಿ. ಮುಂದೆ ಬರೋದೆಲ್ಲ ಇವತ್ತಿಗೆ ಕಮ್ಮಿ. ಸರಿಯಾಗೇ ಇದೆ. ನನ್ನ ಸಮುದ್ರಕ್ಕೆ ಯಾವ ರೇಟು ಹಾಕ್ತೀಯ?

ಹೆಂಡತಿ: ಅದೇ ಹತ್ತು, ಅತ್ತೆ.

ಅಮ್ಮ: ಹತ್ತು ನಿಮಗೆ. ನಾವು ಪಾರ್ಕಿನ ಬೆಂಚಿನ ಹತ್ತಿರ ಸಂಜೆ ಸೇರ್ತೀವಲ್ಲ, ಎರಡು ವರ್ಷದ ಹಿಂದೆ ಎಂಟು ಜನ ಇದ್ವಿ. ಕೂರೋಕೆ ಜಾಗ ಸಾಲದೆ ಇಬ್ಬರು ನಿಲ್ತಿದ್ರು. ಹೋದ ವರ್ಷ ನಾಲ್ಕು ಜನ. ಈಗ ನಾನು, ನರ್ಸಮ್ಮ ಇಬ್ಬರೇ, ಬೆಂಚಿನ ಮೇಲೆ ಕಾಲು ಚಾಚ್ಕೊಂಡು ಕೂರ್ತೀವಿ. ರೇಟು ನೀನೇ ಹಾಕಮ್ಮ.

ಹೆಂಡತಿಯ ಪೆನ್ಸಿಲ್ ಕಾಗದದ ಮೇಲೆ ನಿಂತುಹೋಯಿತು. ಅವಳಿಗೆ ಅಳು ಬರುವ ಹಾಗಾಯಿತು. ಆದರೆ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂತವಳು, ಲೆಕ್ಕವನ್ನು ಅರ್ಧಕ್ಕೆ ಬಿಡಲಾಗಲಿಲ್ಲ.

ಹೆಂಡತಿ: ವರ್ಷಕ್ಕೆ ಅರ್ಧಕ್ಕರ್ಧ. ಐದು ವರ್ಷಕ್ಕೆ... ಎರಡರಲ್ಲೊಂದು, ನಾಲ್ಕರಲ್ಲೊಂದು, ಎಂಟು, ಹದಿನಾರು... ಮೂವತ್ತೆರಡರಲ್ಲಿ ಒಂದು ಪಾಲು.

ಅಮ್ಮ: ಎರಡು ದಿನದ ಸಮುದ್ರ ಮೂವತ್ತೆರಡರಲ್ಲಿ ಒಂದು ಪಾಲಾದ್ರೆ?

ಹೆಂಡತಿ: ನಲವತ್ತೆಂಟು ಗಂಟೆ. ಮೂವತ್ತೆರಡರಿಂದ ಭಾಗಿಸಿದ್ರೆ ಒಂದೂವರೆ ಗಂಟೆ.

ಗಂಡ: ಒಂದೂವರೆ ಗಂಟೆ ಸಮುದ್ರಾನಾ? ಬಸ್ಸಿಗೇ ಎಂಟು ಗಂಟೆ ಬೇಕು!

ಅಮ್ಮ: ಅಂದ್ರೆ ನಾನು ದಾರೀಲೇ ಇಳಿದು ವಾಪಸ್ ಬರಬೇಕು.

ಗಂಡ: ಒಂದೂವರೆ ಗಂಟೇಲಿ ಬಸ್ಸು ಊರಾಚೆ ಪೆಟ್ರೋಲ್ ಬಂಕೂ ದಾಟಲ್ಲ ಅಮ್ಮ. ಡ್ರೈವರ್ ಟೀ ಕುಡಿಯೋಕೆ ಅರ್ಧ ಗಂಟೆ ನಿಲ್ಲಿಸ್ತಾನೆ.

ಅಮ್ಮ: ಹಾಗಾದ್ರೆ ಒಂದು ಲಕ್ಷ ಕೊಟ್ಟು ನಾನು ನೋಡೋದು ಪೆಟ್ರೋಲ್ ಬಂಕು. ಈ ಮೆಷಿನ್ನು ನನಗೆ ಬೇಡ.

ಹೆಂಡತಿ: ಅತ್ತೆ, ಲೆಕ್ಕದ ಪ್ರಕಾರ ನಮಗೆ ಲಾಭ ಇದೆ...

ಅಮ್ಮ: ನಿಮಗಿದೆ. ನನಗೆ ಆಸೆ ಇದೆ. ಅಷ್ಟೇ ವ್ಯತ್ಯಾಸ.

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಒಂದು ಬಟಾಣಿ ಬಾಯಿಗೆ ಹಾಕಿಕೊಂಡು ಹೇಳಿದರು. ಗಂಡ ಕ್ಯಾಲೆಂಡರನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಐವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಸೊಟ್ಟ ಹಲ್ಲಿನ ಬಗ್ಗೆ ಅವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಲೋಲಕದ ಗಡಿಯಾರ ಐದು ಹೊಡೆಯಿತು.

ಗಂಡ: ಐದು! ಐದಾಗ್ಹೋಯ್ತು! ಮೆಷಿನ್ನೂ ಹೋಯ್ತು, ಸಮುದ್ರಾನೂ ಹೋಯ್ತು! ಎಲ್ಲಾ ನಿನ್ನ ಪೆನ್ಸಿಲ್ಲಿಂದ!

ಹೆಂಡತಿ: ನನ್ನ ಪೆನ್ಸಿಲ್ಲಾ? ಮೇಜಿನ ಕೆಳಗೆ ದುಡ್ಡು ಹುಡುಕ್ತಾ ಕೂತವರು ಯಾರು?

ಅಮ್ಮ: ನಾಲ್ಕು ನಲವತ್ತು.

ಇಬ್ಬರೂ ತಿರುಗಿ ನೋಡಿದರು.

ಅಮ್ಮ: ನಿಮ್ಮಪ್ಪನ ಗಡಿಯಾರ ಅದು. ಅವರು ಹೇಳಿದ್ದರಲ್ಲಿ ಇಷ್ಟು ಕಳೆದೇ ನಾನು ಸಂಸಾರ ಮಾಡಿರೋದು. ಇದಕ್ಕೆ ಆರು ಭಾನುವಾರ ಯಾಕೆ ಬೇಕಿತ್ತು ಸೊಸೆ?

ಗಂಡ ಅಂಗಡಿಯ ನಲವತ್ತೊಂದು ಗಡಿಯಾರಗಳ ಕಡೆ ಒಮ್ಮೆ ಕಣ್ಣಾಡಿಸಿದ. ಒಂದೂ ಅಮ್ಮನ ಮಾತಿಗೆ ಸಾಕ್ಷಿ ಹೇಳುವ ಹಾಗಿರಲಿಲ್ಲ. ಹೆಂಡತಿ ಆಗಲೇ ಹೊಸ ಹಾಳೆ ತೆಗೆದು ಬರೆಯಲು ಶುರು ಮಾಡಿದ್ದಳು.

ಹೆಂಡತಿ: ಅತ್ತೆ, ಸಮುದ್ರಾನ ಐದನೇ ವರ್ಷದಿಂದ ತೆಗೆದು ಸೊನ್ನೆಯನೇ ವರ್ಷಕ್ಕೆ ಹಾಕಿದ್ರೆ?

ಅಮ್ಮ: ಅದ್ಯಾವಾಗ ಬರುತ್ತೆ?

ಹೆಂಡತಿ: ಈ ಶನಿವಾರ.

ಅಮ್ಮ: ಶನಿವಾರಕ್ಕೆ ಎಷ್ಟು ಕಳೀಬೇಕು?

ಹೆಂಡತಿ: ಏನೂ ಕಳೆಯೋ ಹಾಗಿಲ್ಲ. ಪೂರ್ತಿ ಸಮುದ್ರ. ನಲವತ್ತೆಂಟು ಗಂಟೆಯೂ ನಿಮ್ಮದೇ.

ಅಮ್ಮ ಮಡಿಲಿನ ಬಟಾಣಿಯನ್ನು ಬಟ್ಟಲಿಗೆ ಸುರಿದು, ಕುರ್ಚಿ ಎಳೆದುಕೊಂಡು ಲೆಕ್ಕದ ಪಕ್ಕ ಕೂತರು.

ಹೆಂಡತಿ: ಮೂರು ಜನಕ್ಕೆ ಬಸ್ಸು ಹೋಗಿಬರೋದು, ನೀರು ಕಾಣೋ ಹಾಗೆ ರೂಮು, ಊಟ ತಿಂಡಿ...

ಗಂಡ: ನೀರು ಕಾಣದ ರೂಮು ಕಮ್ಮಿ ಇರುತ್ತೆ.

ಅಮ್ಮ, ಹೆಂಡತಿ (ಒಟ್ಟಿಗೆ): ಕಾಣೋದೇ!

ಹೆಂಡತಿ: ...ಒಟ್ಟು ಹದಿಮೂರು ಸಾವಿರದ ಏಳ್ನೂರು. ನಿವ್ವಳ ಪ್ರಸ್ತುತ ಮೌಲ್ಯ ಹದಿಮೂರು ಸಾವಿರದ ಏಳ್ನೂರ ಇಪ್ಪತ್ನಾಲ್ಕು. ಕಳೆದ್ರೆ ಉಳಿಯೋದು ಇಪ್ಪತ್ನಾಲ್ಕು. ಸೊನ್ನೆಗಿಂತ ಮೇಲೆ. ತಗೋಬಹುದು.

ಗಂಡ: ಮೆಷಿನ್ನಾ, ಸಮುದ್ರಾನಾ?

ಹೆಂಡತಿ: ಎರಡೂ.

ಗಂಡ: ಐವತ್ತು ಸಾವಿರದ ಲಾಭ ಬೆಳಿಗ್ಗೆ! ಮಧ್ಯಾಹ್ನ ಹದಿಮೂರು! ಸಂಜೆಗೆ ಇಪ್ಪತ್ನಾಲ್ಕು! ಇನ್ನು ಸ್ವಲ್ಪ ಹೊತ್ತು ಬಿಟ್ರೆ ನಾನೇ ಆ ಮೆಷಿನ್ನಿನವನಿಗೆ ಸಾಲ ಬೀಳ್ತೀನಿ!

ಹೆಂಡತಿ: ಅದಕ್ಕೇ ಬೇಗ ಫೋನ್ ಮಾಡಿ.

ಗಂಡ ಫೋನ್ ಮಾಡಿದ. ಮೊದಲು ಕೇಳಿದ್ದು ಈಗ ಸಮಯ ಎಷ್ಟು ಎಂದು. ಗಡಿಯಾರದ ಅಂಗಡಿಯವನು ಸಮಯ ಕೇಳಿದ್ದಕ್ಕೆ ಆ ಕಡೆಯವನು ಒಂದು ಕ್ಷಣ ಗಲಿಬಿಲಿಗೊಂಡು ನಾಲ್ಕು ನಲವತ್ತಾರು ಎಂದ. ಗಂಡ ಅಮ್ಮನ ಕಡೆ ನೋಡಿ ತಲೆ ಬಾಗಿಸಿದ.

ಗಂಡ: ಹೂಂ, ತಗೋತೀವಿ. ಹೂಂ. ಯಾವಾಗ ಕಳಿಸ್ತೀರ? ಸರಿ, ಸರಿ. (ಫೋನ್ ಇಟ್ಟು, ಖುಷಿಯಿಂದ) ಗುರುವಾರ ಕಳಿಸ್ತಾನಂತೆ!

ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು.

ಹೆಂಡತಿ: ಅಂದ್ರೆ ಮುಂದಿನ ತಿಂಗಳು.

ಅಮ್ಮ: ಲೆಕ್ಕ ಮತ್ತೆ ಕೆಡ್ತು, ಅಲ್ವಾ? (ಅಂಗೈ ಮುಂದೆ ಚಾಚಿ) ಆ ಇಪ್ಪತ್ನಾಲ್ಕನ್ನ ಈಗ್ಲೇ ಇಲ್ಲಿ ಕೊಡಿ.

ಗಂಡ: ಇಪ್ಪತ್ನಾಲ್ಕು ಇಟ್ಕೊಂಡು ಏನಮ್ಮ ಮಾಡ್ತೀಯ?

ಅಮ್ಮ: ಶನಿವಾರ ನೀರು ನೋಡ್ಕೊಂಡು ಒಂದು ಟೀ ಕುಡೀತೀನಿ. ನಿಮ್ಮ ಹತ್ರ ಬಿಟ್ರೆ ಅಷ್ಟೊತ್ತಿಗೆ ಅದು ಬರೀ ಬಿಸಿನೀರಾಗಿರುತ್ತೆ.